ನೆನಪು ತಪ್ಪಿದ ಗಣಕಯಂತ್ರ

ಯಂತ್ರ ತಪ್ಪು ಮಾಡುವುದಿಲ್ಲ, ತಪ್ಪು ಕಂಡುಬಂದರೆ ಅದನ್ನು ನಡೆಸುವ ಮನುಷ್ಯನೇ ಮಾಡಿರಬೇಕು ಎಂಬ ಮಾತನ್ನು ನಾವು ಬಹುಕಾಲ ನಂಬಿಕೊಂಡು ಬಂದವರು. ಆದುದರಿಂದ 2021ನೆಯ ಇಸವಿಯ ಏಪ್ರಿಲ್ ತಿಂಗಳ ಒಂದು ಮುಂಜಾನೆ, ಹದಿನಾಲ್ಕು ವರ್ಷಗಳಿಂದ ಕೂಡಿಸುತ್ತ ಬಂದಿದ್ದ ನಮ್ಮ ಪದಸೂಚಿಯಲ್ಲಿ 'ಕಾಯಕ' ಎಂದಿರಬೇಕಾದೆಡೆ 'ಗಾಯಕ' ಎಂದಿದ್ದುದನ್ನು ಕಂಡಾಗ ಮೊದಲು ನಮ್ಮ ಬೆರಳನ್ನೇ ಶಂಕಿಸಿದೆವು. ಅರವತ್ತು ದಾಟಿದ ಕಣ್ಣು. ಕೀಲಿಮಣೆಯ ಮೇಲೆ ತಡವರಿಸುವ ಕೈ. ಆದರೆ ಆ ಶಬ್ದ ಕುಳಿತಿದ್ದ ಸ್ಥಳ ವಿಚಿತ್ರವಾಗಿತ್ತು. 'ಕಾಮ', 'ಕಾಯ'ಗಳ ಸಾಲಿನಲ್ಲಿ, ಅವುಗಳ ನಂತರವೇ 'ಗಾಯಕ'! ಅಕಾರಾದಿಯನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸಿದವನು ಮೊದಲ ಅಕ್ಷರವನ್ನೇ ತಪ್ಪಿದನೆಂದರೆ ನಂಬುವುದು ಹೇಗೆ? ಹಿಂದಿನ ಡಿಸೆಂಬರಿನಲ್ಲಿ ಪೆನ್‌ಡ್ರೈವಿಗೆ ಇಳಿಸಿಟ್ಟಿದ್ದ ಪ್ರತಿಯನ್ನು ತೆರೆದು ನೋಡಿದೆವು. ಅಲ್ಲಿ 'ಕಾಯಕ'ವೇ ಇತ್ತು. ಆ ನಮೂದನ್ನು ನಾವು ಡಿಸೆಂಬರಿನಿಂದೀಚೆಗೆ ಮುಟ್ಟಿಯೇ ಇರಲಿಲ್ಲ.

ಮುಟ್ಟದ ಅಕ್ಷರ ತಾನಾಗಿಯೇ ಬದಲಾಗುವುದುಂಟೆ? ಉಂಟು ಎಂಬುದನ್ನು ಆ ಬೇಸಿಗೆಯಲ್ಲಿ ಕಲಿತೆವು. ಕಲಿತ ಬಗೆಯನ್ನು ಓದುಗರ ಮುಂದಿಡುವುದು ಉಚಿತವೆಂದು ತೋರಿದೆ. ಇಂದು ಮನೆಮನೆಗಳಲ್ಲಿ ವಂಶಾವಳಿ, ಮದುವೆಯ ಚಿತ್ರ, ಹೊಲದ ಕಾಗದಪತ್ರ ಎಲ್ಲವೂ ಗಣಕಯಂತ್ರದ ಹೊಟ್ಟೆಯೊಳಗೇ ಸೇರುತ್ತಿವೆಯಷ್ಟೆ.

2020ರ ಶ್ರಾವಣದಲ್ಲಿ ಕಲಬುರಗಿಯ ನಮ್ಮ ಮನೆಗೆ ಹೊಸ ಗಣಕವೊಂದು ಬಂದಿತು. ಎಎಂಡಿ ಕಂಪನಿ 2019ರಲ್ಲಿ ಹೊರತಂದ ರೈಜನ್ 5 3600 ಎಂಬ ಪ್ರೊಸೆಸರ್. ತಲಾ 8 ಜಿಬಿಯ ಎರಡು ಡಿಡಿಆರ್4 ರ್ಯಾಮ್ ಪಟ್ಟಿಗಳು. ಹಳೆಯ ಕಡತ, ತಾಳೆಗರಿಗಳ ಚಿತ್ರಗಳನ್ನು ಶುದ್ಧಗೊಳಿಸುವುದು, ಹಳೆಯ ಅಚ್ಚಿನ ಪುಸ್ತಕಗಳ ಪುಟಗಳನ್ನು ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶದಿಂದ ಅಕ್ಷರಕ್ಕಿಳಿಸುವುದು, ಇವು ಅದರ ಮುಖ್ಯ ಕೆಲಸ. ದೊಡ್ಡ ಪುಸ್ತಕವೊಂದಕ್ಕೆ ಮೂರು ಗಂಟೆ ಹಿಡಿಯುತ್ತಿತ್ತು. ನಮಗೆ ಅದು ದೀರ್ಘವೆನಿಸಿರಲಿಲ್ಲ. ಇಂಜಿನಿಯರಿಂಗ್ ಓದುತ್ತಿದ್ದ ನಮ್ಮ ತಮ್ಮನ ಮಗನಿಗೆ ಅನಿಸಿತು. ಸಂಕ್ರಾಂತಿಗೆ ಬಂದವನು ಬಯಾಸ್ ಪರದೆಯನ್ನು ತೆರೆದು ನೋಡಿ ನಕ್ಕನು. "ದೊಡ್ಡಪ್ಪ, ನಿಮ್ಮ ಮಶೀನು ಕೈ ಕಟ್ಕೊಂಡು ಕುಂತದರಿ. ನಾ ಓಡಸ್ತೀನಿ ನೋಡ್ರಿ" ಎಂದನು. ಈ ಓಡಿಸುವಿಕೆಗೆ ಓವರ್‌ಕ್ಲಾಕಿಂಗ್ ಎಂದು ಹೆಸರು.

ಪ್ರೊಸೆಸರಿನ ಕೆಲಸವೆಲ್ಲ ತಾಳಬದ್ಧವಾದುದು. ಮಠದ ಪಾಠಶಾಲೆಯಲ್ಲಿ ನಾವು ಬಾಲಕರಾಗಿ ಅಮರಕೋಶವನ್ನು ಒಪ್ಪಿಸುತ್ತಿದ್ದಾಗ ಗುರುಗಳು ಬೆತ್ತದ ತುದಿಯಿಂದ ಮಣೆಯ ಮೇಲೆ ತಾಳ ಹಾಕುತ್ತಿದ್ದರು. ತಾಳ ಬೀಳುವಷ್ಟರಲ್ಲಿ ಪದ ಪೂರ್ತಿ ಉಚ್ಚಾರವಾಗಿರಬೇಕು. ತಾಳ ಬಿಗಿಯಾದಂತೆ ಪಾಠ ಬೇಗ ಮುಗಿಯುತ್ತಿತ್ತು. ಒಂದು ಹಂತ ಮೀರಿದರೆ ಪದದ ಕೊನೆಯ ಅಕ್ಷರ ಗಂಟಲಲ್ಲೇ ಉಳಿದು ಮುಂದಿನ ಪದ ಹೊರಬೀಳುತ್ತಿತ್ತು. ಪ್ರೊಸೆಸರಿನೊಳಗೂ ಇದೇ ಸಂಗತಿ. ಒಂದು ತಾಳಕ್ಕೂ ಮುಂದಿನ ತಾಳಕ್ಕೂ ನಡುವೆ ವಿದ್ಯುತ್ ಸಂಕೇತ ತನ್ನ ದಾರಿಯನ್ನು ಕ್ರಮಿಸಿ, ಸೊನ್ನೆಯೋ ಒಂದೋ ಎಂಬುದು ನಿಶ್ಚಿತವಾಗಿ ನಿಲ್ಲಬೇಕು. ನಮ್ಮ ಯಂತ್ರದ ಮೂಲ ತಾಳ ಸೆಕೆಂಡಿಗೆ ಹತ್ತು ಕೋಟಿ, ಅಂದರೆ 100 ಮೆಗಾಹರ್ಟ್ಸ್. ಅದನ್ನು 36ರಿಂದ ಗುಣಿಸಿದರೆ 3.6 ಗಿಗಾಹರ್ಟ್ಸ್, ಸೆಕೆಂಡಿಗೆ 360 ಕೋಟಿ ತಾಳಗಳು.

ಗುಣಕವನ್ನಾಗಲಿ ಮೂಲ ತಾಳವನ್ನಾಗಲಿ ಏರಿಸಿದರೆ ವೇಗ ಏರುತ್ತದೆ. ಇಂಟೆಲ್ ಕಂಪನಿಯ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ 1998ರಲ್ಲಿ ಬಂದಾಗ ಈ ಹವ್ಯಾಸ ಲೋಕವಿಖ್ಯಾತವಾಯಿತು. ಅದರ ಗುಣಕ 4.5, ಅದನ್ನು ಬದಲಿಸಲು ಬರುತ್ತಿರಲಿಲ್ಲ. ಮೂಲ ತಾಳ 66 ಮೆಗಾಹರ್ಟ್ಸ್, ಹಾಗಾಗಿ 300. ಮೂಲ ತಾಳವನ್ನು 100ಕ್ಕೆ ಏರಿಸಿದವರಿಗೆ ಅದೇ ಬಿಲ್ಲೆ 450 ಮೆಗಾಹರ್ಟ್ಸ್ ಕೊಟ್ಟಿತು. ಒಂದೂವರೆ ಪಟ್ಟು ವೇಗ, ಒಂದು ಕಾಸೂ ಹೆಚ್ಚಿಲ್ಲದೆ! ಅಂದಿನಿಂದ ತರುಣರ ಮನಸ್ಸಿನಲ್ಲಿ ಒಂದು ಭಾವನೆ ಬೇರೂರಿತು: ತಯಾರಕರು ಏನನ್ನೋ ಬಚ್ಚಿಟ್ಟು ಮಾರುತ್ತಾರೆ ಎಂದು.

ಅದು ಪೂರ್ತಿ ಸುಳ್ಳೂ ಅಲ್ಲ. ಒಂದೇ ಸಿಲಿಕಾನ್ ತಟ್ಟೆಯಿಂದ ಕತ್ತರಿಸಿದ ಬಿಲ್ಲೆಗಳಲ್ಲಿ ಒಂದು ಚುರುಕು, ಇನ್ನೊಂದು ಮಂದ. ಒಂದು ಹೆಸರಿನಲ್ಲಿ ಮಾರುವ ಅಷ್ಟೂ ಬಿಲ್ಲೆಗಳು ಸೆಕೆಯಲ್ಲಿಯೂ, ಧೂಳಿನಲ್ಲಿಯೂ, ವಯಸ್ಸಾದ ಮೇಲೂ ತಪ್ಪಿಲ್ಲದೆ ನಡೆಯುವ ವೇಗವನ್ನು ತಯಾರಕರು ನಿಗದಿಮಾಡುತ್ತಾರೆ. ನಡುವೆ ಉಳಿಯುವ ಅಂತರವನ್ನು ಹುಡುಗರು ಸಂಪತ್ತೆಂದು ತಿಳಿಯುತ್ತಾರೆ. ನಮ್ಮ ಮನೆಯ ಹಿರಿಯರು ಹಗೇವಿನ ತಳದಲ್ಲಿ ಬರಗಾಲಕ್ಕೆಂದು ಉಳಿಸುತ್ತಿದ್ದ ಜೋಳವನ್ನೂ ಹೀಗೆಯೇ ಕೆಲವರು ವ್ಯರ್ಥವೆನ್ನುತ್ತಿದ್ದರು.

ನಮ್ಮ ಯಂತ್ರದ ಆರು ಕೋರುಗಳೂ ಒಟ್ಟಿಗೆ ದುಡಿಯುವಾಗ ವೇಗ ತಾನಾಗಿ ಸುಮಾರು 4.0 ಗಿಗಾಹರ್ಟ್ಸ್‌ಗೆ ಏರಿ ನಿಲ್ಲುತ್ತಿತ್ತು. ಹುಡುಗ ಅದನ್ನು 4.3ಕ್ಕೆ ಕಟ್ಟಿಹಾಕಿದನು. ತಾಳ ಬಿಗಿಯಾದಾಗ ಸಂಕೇತಗಳು ಹೊತ್ತಿಗೆ ಸರಿಯಾಗಿ ಮುಟ್ಟಬೇಕಾದರೆ ಅವನ್ನು ತಳ್ಳುವ ವೋಲ್ಟೇಜು ಹೆಚ್ಚಬೇಕು. ಅವನು 1.20 ಇದ್ದುದನ್ನು 1.35ಕ್ಕೆ ಏರಿಸಿದನು. ಕೇಳಲು ಅಲ್ಪವೆನಿಸುತ್ತದೆ. ಆದರೆ ಬಿಲ್ಲೆ ನುಂಗುವ ವಿದ್ಯುತ್ತು ವೇಗಕ್ಕೆ ಅನುಪಾತವಾಗಿ ಮಾತ್ರ ಏರದೆ ವೋಲ್ಟೇಜಿನ ವರ್ಗಕ್ಕೂ ಅನುಪಾತವಾಗಿ ಏರುತ್ತದೆ. ಲೆಕ್ಕ ಹಾಕಿದರೆ ವೇಗದಲ್ಲಿ ನೂರಕ್ಕೆ ಏಳೂವರೆ ಗಳಿಕೆ. ಬಿಸಿಯಲ್ಲಿ ನೂರಕ್ಕೆ ಮೂವತ್ತಾರು ಹೆಚ್ಚಳ. ಈ ಲೆಕ್ಕವನ್ನು ನಾವು ಅಂದು ಹಾಕಲಿಲ್ಲ.

ರ್ಯಾಮಿನ ವಿಷಯ ಇನ್ನೂ ಸೂಕ್ಷ್ಮವಾದುದು. ಪಟ್ಟಿಯ ಮೇಲೆ 3600 ಎಂದು ಅಚ್ಚಾಗಿದ್ದರೂ ಯಂತ್ರ ಅದನ್ನು ಎಚ್ಚರಿಕೆಯಿಂದ 2666ರಲ್ಲಿ ನಡೆಸುತ್ತಿತ್ತು. 3600 ಎಂಬುದು ಪಟ್ಟಿಯ ತಯಾರಕರ ಭರವಸೆ. ಆ ಪ್ರೊಸೆಸರಿಗೆ ಎಎಂಡಿ ಹೇಳುವ ಮಿತಿ 3200. ಹುಡುಗ ಎರಡನ್ನೂ ದಾಟಿ 3800ಕ್ಕೆ ನಿಲ್ಲಿಸಿದನು. ಅರ್ಧ ಗಂಟೆ ಏನೋ ಪರೀಕ್ಷೆ ನಡೆಸಿ "ಗಟ್ಟಿ ಅದರಿ" ಎಂದನು. ಅದು ಸಂಕ್ರಾಂತಿಯ ರಾತ್ರಿ, ಕೋಣೆ ತಂಪಾಗಿತ್ತು. ಮೂರು ಗಂಟೆಯ ಕೆಲಸ ಎರಡು ಗಂಟೆ ನಲವತ್ತು ನಿಮಿಷಕ್ಕೆ ಇಳಿಯಿತು. ನಮಗೂ ಸಂತೋಷವೇ ಆಯಿತೆಂದು ಒಪ್ಪಿಕೊಳ್ಳಬೇಕು. ಉಳಿದ ಇಪ್ಪತ್ತು ನಿಮಿಷಗಳಲ್ಲಿ ನಾವು ಏನು ಮಾಡಿದೆವೆಂಬುದು ಈಗ ನೆನಪಿಲ್ಲ.

ಕಲಬುರಗಿಯ ಬೇಸಿಗೆಯನ್ನು ವರ್ಣಿಸುವ ಅಗತ್ಯವಿಲ್ಲ. ಮಾರ್ಚ್ ಕಳೆಯುವಷ್ಟರಲ್ಲಿ ಮಧ್ಯಾಹ್ನದ ಬಿಸಿಲು ನಲವತ್ತು ಡಿಗ್ರಿಯನ್ನು ಮುಟ್ಟಿತು. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ, ಪರದೆ ನೀಲಿಯಾಗಲಿಲ್ಲ. ಒಟ್ಟುಗೂಡಿಸಿ ಕಟ್ಟಿಟ್ಟ ಜಿಪ್ ಕಡತವೊಂದು ಬೆಳಿಗ್ಗೆ ತೆರೆದುಕೊಂಡದ್ದು ಮಧ್ಯಾಹ್ನ 'ದೋಷವಿದೆ' ಎಂದು ಮುಚ್ಚಿಕೊಂಡಿತು. ಸಂಜೆ ಮತ್ತೆ ತೆರೆಯಿತು. ನಾವು ಅದನ್ನು ಲಕ್ಷಿಸಲಿಲ್ಲ. ಅದೇ ಅದರ ಏಕೈಕ ಎಚ್ಚರಿಕೆಯಾಗಿತ್ತು. ಓವರ್‌ಕ್ಲಾಕ್ ಮಾಡಿದ ಯಂತ್ರ ಧಡಕ್ಕನೆ ನಿಂತರೆ ಭಾಗ್ಯವೆಂದು ತಿಳಿಯಬೇಕು. ಏನೋ ಕೆಟ್ಟಿದೆ ಎಂಬ ಸುದ್ದಿಯಾದರೂ ಮುಟ್ಟುತ್ತದೆ. ತಪ್ಪನ್ನು ನುಂಗಿಕೊಂಡು ನಗುಮುಖದಿಂದ ನಡೆಯುವ ಯಂತ್ರವೇ ಅಪಾಯಕಾರಿ.

'ಗಾಯಕ'ವನ್ನು ಕಂಡ ದಿನ ಹುಡುಗನಿಗೆ ಫೋನು ಮಾಡಿದೆವು. ಎರಡು ದಿನಗಳಲ್ಲಿ ಬಂದನು. ಎರಡೂ ಪ್ರತಿಗಳನ್ನು ಅಂಕಿಗಳ ರೂಪದಲ್ಲಿ ತೆರೆದು ಬಹಳ ಹೊತ್ತು ಸುಮ್ಮನೆ ಕುಳಿತನು. "ದೊಡ್ಡಪ್ಪ, ಮಶೀನ್ ಕೆಟ್ಟಿಲ್ರಿ. ಅದರ ನೆನಪು ತಪ್ಯಾದ. ತಪ್ಪು ನಂದರಿ" ಎಂದನು. ಆಮೇಲೆ ಕಾಗದದ ಮೇಲೆ ಬರೆದು ತೋರಿಸಿದನು. ಗಣಕದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆ ಉಂಟು. ಯೂನಿಕೋಡ್ ಪದ್ಧತಿಯಲ್ಲಿ ಕ-ಕಾರದ ಸಂಖ್ಯೆ 3221, ಖ-ಕಾರದ್ದು 3222, ಗ-ಕಾರದ್ದು 3223. ಸೊನ್ನೆ-ಒಂದುಗಳಲ್ಲಿ ಬರೆದರೆ ಕ-ಕಾರದ ಕೊನೆಯ ಎಂಟು ಸ್ಥಾನಗಳು 10010101, ಗ-ಕಾರದವು 10010111. ಬಲದಿಂದ ಎರಡನೆಯ ಸ್ಥಾನದ ಒಂದೇ ಒಂದು ಸೊನ್ನೆ ಒಂದಾಗಿದೆ; ಉಳಿದುದೆಲ್ಲ ಯಥಾವತ್ತಾಗಿದೆ. ಅಷ್ಟರಿಂದಲೇ ಕಾಯಕವು ಗಾಯಕವಾಗುತ್ತದೆ, ಕಾಯವು ಗಾಯವಾಗುತ್ತದೆ. ಎರಡೂ ಸಾಧುಶಬ್ದಗಳಾದುದರಿಂದ ಕಾಗುಣಿತ ನೋಡುವ ತಂತ್ರಾಂಶಕ್ಕೂ ಸಿಕ್ಕದು. ಐದು ದಶಕ ಅಕ್ಷರಗಳ ನಡುವೆಯೇ ಬಾಳಿದ ನಮಗೆ ಆ ಕಾಗದವನ್ನು ನೋಡಿ ಮೈ ಜುಮ್ಮೆಂದಿತು.

ರ್ಯಾಮಿನಲ್ಲಿ ಪ್ರತಿಯೊಂದು ಬಿಟ್ಟೂ ಒಂದು ಪುಟ್ಟ ಕೊಡದಲ್ಲಿ ತುಂಬಿಟ್ಟ ವಿದ್ಯುದಂಶದಂತೆ. ಕೊಡಗಳೆಲ್ಲ ಸೋರುತ್ತವೆ. ಆದುದರಿಂದ ಸೆಕೆಂಡಿನ ಸಾವಿರದ 64 ಭಾಗಗಳೊಳಗೆ ಒಮ್ಮೆ ಎಲ್ಲವನ್ನೂ ಓದಿ ಮತ್ತೆ ತುಂಬುವ ಏರ್ಪಾಡು ಡಿಡಿಆರ್4ರಲ್ಲಿದೆ. ಬಿಸಿ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಪಟ್ಟಿ 85 ಡಿಗ್ರಿ ದಾಟಿದರೆ ಎರಡು ಪಟ್ಟು ಬೇಗ ತುಂಬಬೇಕೆಂದು ನಿಯಮವೇ ಇದೆ. ಇದರ ಮೇಲೆ ತಾಳವನ್ನೂ ಬಿಗಿಗೊಳಿಸಿದರೆ, ಕೊಡ ಅರ್ಧ ತುಂಬಿದೆಯೋ ಖಾಲಿಯೋ ಎಂಬುದನ್ನು ಓದುವವನಿಗೆ ನಿರ್ಣಯಿಸುವಷ್ಟು ಅವಕಾಶವೇ ಉಳಿಯದು. ದೊಡ್ಡ ಸಂಸ್ಥೆಗಳ ಸರ್ವರ್ ಯಂತ್ರಗಳಲ್ಲಿ 64 ಬಿಟ್ಟುಗಳ ಜೊತೆಗೆ ಕಾವಲಿಗೆಂದು ಇನ್ನೂ 8 ಬಿಟ್ಟುಗಳಿರುತ್ತವೆ. ಒಂದು ಬಿಟ್ಟು ತಪ್ಪಿದರೆ ಅವು ತಿದ್ದುತ್ತವೆ, ಎರಡು ತಪ್ಪಿದರೆ ಕೂಗಿ ಹೇಳುತ್ತವೆ. ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞರು 1950ರಲ್ಲಿ ಪ್ರಕಟಿಸಿದ ಉಪಾಯ ಇದರ ಮೂಲ. ನಮ್ಮ ಅಗ್ಗದ ಪಟ್ಟಿಗಳಿಗೆ ಆ ಕಾವಲಿರಲಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕರು ಸುಮಾರು ಹತ್ತು ಲಕ್ಷ ಗ್ರಾಹಕರ ಗಣಕಗಳ ದಾಖಲೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಪ್ರಬಂಧವೊಂದಿದೆ. ವೇಗ ಏರಿಸಿದ ಪ್ರೊಸೆಸರುಗಳು ಗಮನಾರ್ಹವಾಗಿ ಹೆಚ್ಚು ಬಾರಿ ಎಡವಿದವೆಂದು ಅದರಲ್ಲಿ ಕಂಡುಬಂದಿತು.

ಅಷ್ಟರಲ್ಲಿ ಲಾಕ್‌ಡೌನ್ ಬಂದು ಹುಡುಗ ನಮ್ಮ ಮನೆಯಲ್ಲಿಯೇ ಉಳಿದನು. ಅವನ ಪಶ್ಚಾತ್ತಾಪ ಕ್ರಮಬದ್ಧವಾಗಿತ್ತು ಎನ್ನಬೇಕು. ಮೊದಲು ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ನಡೆಸಿದನು. ಅದು ವಿಂಡೋಸ್ ಏಳುವ ಮೊದಲೇ ಎದ್ದು, ರ್ಯಾಮಿನ ಮನೆಮನೆಗೂ ಹೋಗಿ ಬಗೆಬಗೆಯ ಮಾದರಿಗಳನ್ನು ಬರೆದು, ಹಿಂದಿರುಗಿ ಓದಿ ಹೋಲಿಸುತ್ತದೆ. ಮಧ್ಯಾಹ್ನ ಎರಡು ಗಂಟೆಗೆ, ಫ್ಯಾನು ಆರಿಸಿ ಹಚ್ಚಿದನು. ನಲವತ್ತು ನಿಮಿಷವೂ ಆಗಿರಲಿಲ್ಲ, ಕೆಂಪು ಸಾಲುಗಳು ಕಾಣಿಸಿಕೊಂಡವು. ಸಂಕ್ರಾಂತಿಯ ರಾತ್ರಿ ಅರ್ಧ ಗಂಟೆಯಲ್ಲಿ ಸಿಗದಿದ್ದುದು ಇದೇ. ಪರೀಕ್ಷೆ ನಡೆಸುವುದಾದರೆ ವರ್ಷದ ಅತ್ಯಂತ ಕೆಟ್ಟ ಮಧ್ಯಾಹ್ನದಲ್ಲಿ, ತಾಸುಗಟ್ಟಲೆ ನಡೆಸಬೇಕು. ನಮ್ಮ ಗುರುಗಳು ಕೂಡ ಮೊದಲ ಸುತ್ತಿನಲ್ಲಿ ತಪ್ಪು ಹುಡುಕುತ್ತಿರಲಿಲ್ಲ. ಊಟದ ಹೊತ್ತು ಮೀರಿ ಹಸಿವು ಕಾಡುವಾಗಲೇ ಅಮರಕೋಶ ಕೇಳುತ್ತಿದ್ದರು.

ಅನಂತರ ರ್ಯಾಮನ್ನು ಮೂಲ ವೇಗಕ್ಕೆ ಇಳಿಸಿ ಪ್ರೊಸೆಸರನ್ನು ಮಾತ್ರ ಪರೀಕ್ಷಿಸಿದನು. ಎರಡನ್ನೂ ಒಟ್ಟಿಗೆ ಏರಿಸಿ ತಪ್ಪು ಹುಡುಕುವುದು ಇಬ್ಬರು ಕಳ್ಳರನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಿ ವಿಚಾರಿಸಿದಂತೆ. ಪ್ರೈಮ್95 ಎಂಬ ತಂತ್ರಾಂಶ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಹುಟ್ಟಿದ್ದು. 1996ರಲ್ಲಿ ಆರಂಭವಾದ ಆ ಶೋಧದಲ್ಲಿ ತಿಂಗಳುಗಟ್ಟಲೆ ನಡೆಯುವ ಗಣನೆ ಒಂದು ಬಿಟ್ಟು ತಪ್ಪಿದರೂ ವ್ಯರ್ಥ. ಹಾಗಾಗಿ ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಯಂತ್ರದಿಂದ ಮಾಡಿಸಿ, ಹೊಂದದಿದ್ದರೆ ನಿಲ್ಲುವ ಪರೀಕ್ಷೆ ಅದರಲ್ಲಿದೆ. 4.3 ಗಿಗಾಹರ್ಟ್ಸ್‌ನಲ್ಲಿ ಹನ್ನೆರಡನೆಯ ನಿಮಿಷಕ್ಕೆ ಒಂದು ಕೋರು ಲೆಕ್ಕ ತಪ್ಪಿತು. ಉಷ್ಣತೆ ಆ ಪ್ರೊಸೆಸರಿನ ಮಿತಿಯಾದ 95 ಡಿಗ್ರಿಯ ಸಮೀಪಕ್ಕೆ ಹೋಗಿತ್ತು.

ಮುಂದಿನ ಹದಿನೈದು ದಿನ ಮನೆಯಲ್ಲಿ ಇದೇ ಮಾತು. ಒಮ್ಮೆ ಅತಿ ಬಿಗಿಯಾದ ಅಂಕಿಗಳನ್ನು ಕೊಟ್ಟು ಯಂತ್ರ ಏಳದೇ ಹೋಯಿತು. ಮದರ್‌ಬೋರ್ಡಿನ ಮೇಲಿನ ಎರಡು ಮೊಳೆಗಳಿಗೆ ಸ್ಕ್ರೂಡ್ರೈವರ್ ತಾಗಿಸಿ ಅದರ ಹಳೆಯ ಸ್ಥಿತಿಯನ್ನು ಮರಳಿಸಿದನು. ನಮ್ಮ ಮನೆಯವರು ಅಂದು ಅವನಿಗೆ ಚಹ ಕೊಡಲಿಲ್ಲ. ಕೊನೆಗೆ ಪ್ರೊಸೆಸರನ್ನು ಅದರ ಸ್ವಂತ ನಿಯಂತ್ರಣಕ್ಕೆ ಬಿಟ್ಟದ್ದಾಯಿತು. ರ್ಯಾಮ್ 3600ರಲ್ಲಿ ರಾತ್ರಿ ಶುದ್ಧವಾಗಿ ನಡೆದು ಮಧ್ಯಾಹ್ನ ಮೂರನೆಯ ತಾಸಿಗೆ ಒಂದೇ ಒಂದು ತಪ್ಪು ತೋರಿತು. ಒಂದೇ ಅಲ್ಲವೇ ಎಂದು ಹುಡುಗ ಹೇಳಲಿಲ್ಲ. ಹೇಳದಿದ್ದುದು ನಮಗೆ ಹಿಡಿಸಿತು. 3200ಕ್ಕೆ ಇಳಿಸಿ ಹನ್ನೆರಡು ತಾಸು ನಡೆಸಿದನು, ಒಂದೂ ಇಲ್ಲ. ಈಗಲೂ ಅದೇ ಅಂಕಿಯಲ್ಲಿದೆ. ಪುಸ್ತಕಕ್ಕೆ ಎರಡು ಗಂಟೆ ಐವತ್ತು ನಿಮಿಷ. ಆಟವಾಡುವವನ ಯಂತ್ರದಲ್ಲಿ ಒಂದು ಬಿಟ್ಟು ತಪ್ಪಿದರೆ ಗೋಡೆಯ ಬಣ್ಣ ಕ್ಷಣಕಾಲ ಬದಲಾದೀತು, ಅವನು ಓಡಿಸಲಿ. ಹುಡುಗನ ಸ್ವಂತ ಯಂತ್ರ ಇಂದಿಗೂ ಬಿಗಿಯಾಗಿಯೇ ಓಡುತ್ತಿದೆ. ದಾಖಲೆ ಇಡುವವನು ಆ ಹತ್ತು ನಿಮಿಷಕ್ಕೆ ತೃಪ್ತನಾಗಬೇಕು.

ಉಳಿದುದು ನಷ್ಟದ ಲೆಕ್ಕ. ಪ್ರತಿಯೊಂದು ಕಡತದ ಅಂಕಿಗಳನ್ನೆಲ್ಲ ಅರೆದು ಒಂದು ಮುದ್ರೆಯಂತಹ ಸಂಖ್ಯೆಯನ್ನು ತೆಗೆಯುವ ಎಸ್‌ಎಚ್‌ಎ-256 ಎಂಬ ವಿಧಾನವಿದೆ. ಒಂದು ಬಿಟ್ಟು ಬೇರೆಯಾದರೂ ಮುದ್ರೆ ಪೂರ್ತಿ ಬೇರೆ. ಡಿಸೆಂಬರಿನ ಪ್ರತಿಯೊಡನೆ ಹೋಲಿಸಿದಾಗ ನಾವು ಮುಟ್ಟದ ಒಂಬತ್ತು ಕಡತಗಳು ಬದಲಾಗಿದ್ದವು. ಅವನ್ನು ಪೆನ್‌ಡ್ರೈವಿನಿಂದ ಮರಳಿ ಪಡೆದೆವು. ಡಿಸೆಂಬರಿನ ನಂತರ ಬಂದವುಗಳಿಗೆ ಹೋಲಿಸಲು ಏನಿತ್ತು?

ಮಾರ್ಚ್ ಕೊನೆಯ ವಾರದಲ್ಲಿ ಆಳಂದ ತಾಲೂಕಿನ ಒಂದು ಹಳ್ಳಿಗೆ ಹೋಗಿ, ಹಿರಿಯರೊಬ್ಬರ ಮನೆಯಲ್ಲಿದ್ದ ಕಡತವೊಂದರ ನಲವತ್ತಾರು ಚಿತ್ರಗಳನ್ನು ತೆಗೆದುಕೊಂಡು ಬಂದಿದ್ದೆವು. ಇದು ಗಣಕದ ಕಡತವಲ್ಲ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಬರೆಯುತ್ತಿದ್ದ ಹಳೆಯ ಕಪ್ಪು ಕಡತ. ಬರಗಾಲದ ಒಂದು ವರ್ಷ ಊರಿನ ದಾಸೋಹಕ್ಕೆ ಜೋಳ ಕೊಟ್ಟ ಮನೆಗಳ ಲೆಕ್ಕ ಅದರಲ್ಲಿತ್ತು. ಅಂದೇ ರಾತ್ರಿ ಚಿತ್ರಗಳನ್ನು ಗಣಕಕ್ಕೆ ಇಳಿಸಿ ಕ್ಯಾಮರಾದ ಕಾರ್ಡನ್ನು ಅಳಿಸಿದ್ದೆವು. ಈಗ ತೆರೆದು ನೋಡಿದರೆ ಎರಡು ಪುಟಗಳ ಮೇಲಿನರ್ಧ ಸ್ವಚ್ಛ. ಕೆಳಗಿನರ್ಧದಲ್ಲಿ ಬಣ್ಣಗಳು ಜಾರಿ, ತುಂಡುತುಂಡಾಗಿ ಪಕ್ಕಕ್ಕೆ ಸರಿದಿದ್ದವು. ಜೆಪೆಗ್ ಎಂಬ ಪದ್ಧತಿಯಲ್ಲಿ ಚಿತ್ರವನ್ನು ಒತ್ತಿ ಚಿಕ್ಕದು ಮಾಡಿರುವುದರಿಂದ ಒಂದು ಬಿಟ್ಟು ತಪ್ಪಿದರೆ ಅಲ್ಲಿಂದ ಮುಂದಿನ ಓದೆಲ್ಲ ದಾರಿ ತಪ್ಪುತ್ತದೆ.

ಹುಡುಗ ಇಲ್ಲಿ ಒಂದು ಸಾಹಸ ಮಾಡಿದನು. ಒಂದು ಚಿತ್ರದಲ್ಲಿ ಸುಮಾರು ಐದು ಕೋಟಿ ಬಿಟ್ಟುಗಳು. ಚಿತ್ರ ಎಲ್ಲಿ ಕೆಡಲು ತೊಡಗಿದೆಯೋ ಅದಕ್ಕಿಂತ ತುಸು ಹಿಂದೆಯೇ ತಪ್ಪಿದ ಬಿಟ್ಟು ಇರಬೇಕು. ಆ ಭಾಗದ ಬಿಟ್ಟುಗಳನ್ನು ಒಂದೊಂದಾಗಿ ತಿರುವಿ, ಪ್ರತಿ ಸಲವೂ ಚಿತ್ರವನ್ನು ಬಿಡಿಸಿ, ಕೆಳಗಿನರ್ಧ ಕೂಡಿಕೊಂಡಿತೇ ಎಂದು ನೋಡುವ ಸಣ್ಣ ತಂತ್ರಾಂಶವನ್ನು ಬರೆದನು. ರಾತ್ರಿಯೆಲ್ಲ ಯಂತ್ರ ದುಡಿಯಿತು, ಕಾರ್ಖಾನೆ ಹೇಳಿದ ವೇಗದಲ್ಲಿ. ನಸುಕಿನಲ್ಲಿ ನಾವು ಸ್ನಾನಕ್ಕೆಂದು ಎದ್ದಾಗ ಅವನು ಓಡಿಬಂದು ಕೈಹಿಡಿದು ಎಳೆದೊಯ್ದನು. ಪರದೆಯ ಮೇಲೆ ಒಂದು ಪುಟ ಇಡಿಯಾಗಿ, ಕಪ್ಪು ಬಟ್ಟೆಯ ಮೇಲೆ ಬಿಳಿಯ ಅಕ್ಷರಗಳು ಸ್ಪಷ್ಟವಾಗಿ ನಿಂತಿದ್ದವು. ಎರಡನೆಯ ಪುಟಕ್ಕೆ ಮೂರು ರಾತ್ರಿ ಕಾದೆವು. ಅದರಲ್ಲಿ ತಪ್ಪಿದ್ದುದು ಒಂದಕ್ಕಿಂತ ಹೆಚ್ಚು ಬಿಟ್ಟು, ಸಿಗಲಿಲ್ಲ.

ಆ ಹಿರಿಯರು ಮೇ ತಿಂಗಳಿನಲ್ಲಿ ರೋಗಕ್ಕೆ ತುತ್ತಾದರು. ನಾವು ಮತ್ತೆ ಆ ಮನೆಗೆ ಹೋದದ್ದು ದೀಪಾವಳಿಯ ಹೊತ್ತಿಗೆ. ಸೊಸೆ ಕಡತವನ್ನು ಪೆಟ್ಟಿಗೆಯಿಂದ ತೆಗೆದು ತಂದಳು. ಆ ವರ್ಷದ ಮಳೆಗೆ ಮಾಳಿಗೆ ಸೋರಿ ಪೆಟ್ಟಿಗೆಯ ಒಂದು ಮೂಲೆ ನೆನೆದಿತ್ತು. ನಮಗೆ ಬೇಕಾಗಿದ್ದ ಮಡಿಕೆಯ ಕೆಳಭಾಗದಲ್ಲಿ ಬಳಪ ಕಲಸಿಹೋಗಿ ಬೂದಿಯ ಕಲೆಯಂತೆ ಕಾಣುತ್ತಿತ್ತು. "ನಮ್ಮ ಮುತ್ಯಾನ ಹೆಸರು ಅದರಾಗ ಅದ ಅಂತ ಮಾವನವರು ಯಾವಾಗ್ಲೂ ಹೇಳ್ತಿದ್ರು. ನೀವು ನೋಡಿದ್ರೇನ್ರಿ?" ಎಂದು ಆಕೆ ಕೇಳಿದಳು.

ಸಿಕ್ಕ ನಲವತ್ತೈದು ಪುಟಗಳನ್ನೂ, ನಲವತ್ತಾರನೆಯದರ ಮೇಲಿನರ್ಧವನ್ನೂ ನಾವು ಓದಿ ಮುಗಿಸಿದ್ದೆವು. ಆ ಹೆಸರು ಅವುಗಳಲ್ಲಿರಲಿಲ್ಲ. ಮಾರ್ಚಿನಲ್ಲಿ ಆ ಪುಟ ನಮ್ಮ ಕೈಯಲ್ಲಿದ್ದಾಗ ಓದಿರಲಿಲ್ಲ. ಚಿತ್ರ ತೆಗೆದಾಗಿದೆಯಲ್ಲ, ಮನೆಯಲ್ಲಿ ನಿಧಾನವಾಗಿ ಓದಿದರಾಯಿತೆಂದು ಮಡಿಚಿ ಕೊಟ್ಟಿದ್ದೆವು.